ದಾರಿಗೆ ಕಾಣದ ಹೊಲ

ತಾಯಲೂರಿಗೆ ಬಂದ ಮೊದಲ ವಾರವೇ, ಒಬ್ಬ ಹೆಂಗಸು ತನ್ನ ಹೊಲವನ್ನು ತಾನೇ ಹಾಳು ಮಾಡುತ್ತಿರುವುದನ್ನು ಕಂಡು ನಾನು ರಸ್ತೆಯ ಮೇಲೆ ನಿಂತು ಕೂಗಾಡಿದೆ. ಗೇಣುದ್ದ ಎದ್ದ ರಾಗಿ ಪೈರು, ನೋಡಿದರೆ ಕಣ್ಣು ತಂಪಾಗುವ ಹಸಿರು. ಅದರ ಮೇಲೆ ಆಕೆ ಎತ್ತು ಕಟ್ಟಿ, ಮರದ ಹಲ್ಲುಗಳಿರುವ ಹಲುಬೆಯನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಎಳೆಸುತ್ತಿದ್ದಳು. ಹಲುಬೆ ಹಾದುಹೋದ ಕಡೆ ಪೈರೆಲ್ಲ ನೆಲಕ್ಕೆ ಮಲಗಿತ್ತು, ಎಷ್ಟೋ ಸಸಿ ಬೇರು ಕಿತ್ತು ಬಿದ್ದಿದ್ದವು. "ಅಕ್ಕಾರ, ನಿಲ್ರೀ! ಪೀಕು ಸಾಯಾಕತ್ತೈತಿ!" ಎಂದು ಅರಚಿದೆ. ಆಕೆ ಎತ್ತು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾರಮ್ಮಾ ನೀನು? ಬೀದೀಲಿ ನಿಂತು ಯಾಕಂಗೆ ಬಾಯಿ ಬಡ್ಕೊಂತೀಯ? ತುಳಿಸ್ಕೊಂಡ್ರೇನೇ ಇದು ತೆಂಡೆ ಒಡೆಯೋದು" ಎಂದು ಹೇಳಿ ಮತ್ತೆ ಎತ್ತು ಹೊಡೆದಳು.

ತೆಂಡೆ ಎಂದರೆ ಒಂದೇ ಬುಡದಿಂದ ಒಡೆಯುವ ಕವಲುಗಳು. ನಮ್ಮಲ್ಲಿ ಜೋಳದ ಸಾಲಿನ ನಡುವೆ ಕಳೆ ತೆಗೆಯಲು ಎಡೆಕುಂಟೆ ಹೊಡೆಯುವಾಗ ಒಂದು ದಂಟು ಬಾಗಿದರೂ ಅವ್ವ ಬೈಯುತ್ತಿದ್ದಳು. ಇಲ್ಲಿ ಬೆಳೆಯನ್ನು ಮುದ್ದು ಮಾಡುವ ಪದ್ಧತಿ ಇಲ್ಲ. ಜನರನ್ನೂ ಮಾಡುವುದಿಲ್ಲ ಎನ್ನುವುದು ಆಮೇಲೆ ತಿಳಿಯಿತು.

ನಾನು ಬಿಜಾಪುರ ಜಿಲ್ಲೆಯವಳು, ಇಂಡಿ ಪಟ್ಟಣದ ಹತ್ತಿರದ ಹಳ್ಳಿ, ಹೆಸರು ಮಹಾದೇವಿ. ಮಳೆಯನ್ನೇ ನಂಬಿದ ಬೇಸಾಯ ಸುಧಾರಿಸಬೇಕು ಎಂದು ಹೊರಟ ಒಂದು ಸಂಸ್ಥೆಯಲ್ಲಿ ಕೆಲಸ. ಒಂದು ಒಣಸೀಮೆಯಲ್ಲಿ ಫಲ ಕೊಟ್ಟ ವಿದ್ಯೆಯನ್ನು ಇನ್ನೊಂದು ಒಣಸೀಮೆಗೆ ಮುಟ್ಟಿಸುವುದು, ಬಾಯಿ ಮಾತಿನಲ್ಲಲ್ಲ, ಹೊಲದಲ್ಲೇ ಮಾಡಿ ತೋರಿಸುವುದು. ಮುಳಬಾಗಿಲು ತಾಲ್ಲೂಕಿಗೆ ವರ್ಗವಾದಾಗ ನಮ್ಮೂರಿನಲ್ಲಿ ಎಲ್ಲರೂ ನಕ್ಕರು. ಬರಗಾಲದಿಂದ ಬರಗಾಲಕ್ಕೆ ಹೋಗಿ ಏನು ಮಾಡ್ತೀಯವ್ವಾ ಎಂದು ಕೇಳಿದರು. ಕೇಳಿದವರಿಗೆಲ್ಲ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಜನರ ಹೆಸರು ಬದಲಿಸಿದ್ದೇನೆ, ಹೊಲಗಳ ಗುರುತನ್ನೂ ಬದಲಿಸಿದ್ದೇನೆ. ಯಾಕೆ ಎನ್ನುವುದು ಓದುತ್ತಾ ಹೋದರೆ ತಿಳಿಯುತ್ತದೆ.

ಇಲ್ಲಿಯ ಬರ ನಮ್ಮ ಬರದಂತಲ್ಲ. ನಮ್ಮ ಕಪ್ಪು ಎರೆ ಭೂಮಿ ಎರಡು ಒಳ್ಳೆ ಮಳೆ ಕುಡಿದರೆ ಹಿಂಗಾರಿ ಜೋಳ ಮುಗಿಯುವವರೆಗೂ ಹಸಿ ಹಿಡಿದಿಟ್ಟುಕೊಳ್ಳುತ್ತದೆ. ಇಲ್ಲಿಯ ಕೆಂಪು ನೆಲಕ್ಕೆ ಆ ಜಿಪುಣತನ ಗೊತ್ತಿಲ್ಲ. ಬಿದ್ದ ನೀರು ಇಳಿಜಾರು ಹಿಡಿದು ಓಡಿಹೋಗುತ್ತದೆ, ಹೋಗುವಾಗ ಮೇಲ್ಮಣ್ಣನ್ನೂ ಎಳೆದೊಯ್ಯುತ್ತದೆ. ನಮ್ಮಲ್ಲಿ ಹೊಲದ ತುಂಬ ಚೌಕು ಮಡಿ ಕಟ್ಟಿ ಮಳೆ ನಿಲ್ಲಿಸುತ್ತೇವಲ್ಲ, ಅದನ್ನೇ ಇಲ್ಲೂ ಮಾಡಿಸಬಹುದು ಎಂದುಕೊಂಡು ಬಂದಿದ್ದೆ. ಮೊದಲ ಜೋರು ಮಳೆಗೆ ನನ್ನ ಮಡಿಗಳೆಲ್ಲ ಒಡೆದು ಹೋದವು. ಇಳಿಜಾರಿಗೆ ಅಡ್ಡಲಾಗಿ ಉತ್ತು, ಕಲ್ಲು ಕಟ್ಟಿದ ಬದು ಹಾಕಿ, ತಗ್ಗಿನಲ್ಲಿ ಹೊಂಡ ತೋಡಿದರೆ ಮಾತ್ರ ಇಲ್ಲಿ ನೀರು ನಿಲ್ಲುತ್ತದೆ.

ನೀರಿಗಿಂತ ಕಷ್ಟ ನಾನು ನಿಲ್ಲುವುದಾಯಿತು. ಬಾಡಿಗೆ ಮನೆ ಕೇಳಲು ಹೋದರೆ ಮೊದಲ ಪ್ರಶ್ನೆ "ಯಾವ ಜನ?" ನಮ್ಮಲ್ಲೂ ಕೇಳುತ್ತಾರೆ, ಸುಳ್ಳು ಹೇಳುವುದಿಲ್ಲ. ಆದರೆ ನಾವು ನೀರು ಕೊಟ್ಟು, ಚಾ ಕುಡಿಸಿ, ಯಾವ ಮಠಕ್ಕೆ ನಡಕೊಳ್ಳುತ್ತೀರಿ ಎಂದು ಸುತ್ತಿ ಬಳಸಿ ಕೇಳುತ್ತೇವೆ. ಇಲ್ಲಿ ಬಾಗಿಲಲ್ಲೇ ಕೇಳುತ್ತಾರೆ. ಎರಡನೆಯದು ಕೊರಳು ನೋಡುವುದು. ತಾಳಿ ಇಲ್ಲ, ವಯಸ್ಸು ಮೂವತ್ತು ದಾಟಿದೆ, ಒಬ್ಬಳೇ ಬಂದಿದ್ದಾಳೆ. ಒಬ್ಬ ಯಜಮಾನರಂತೂ ನಾನು ಎದುರಿಗೆ ನಿಂತಿರುವಾಗಲೇ ಹೆಂಡತಿಗೆ ತೆಲುಗಿನಲ್ಲಿ ಏನೋ ಹೇಳಿ ನಕ್ಕರು. ಆಗ ನನಗೆ ತೆಲುಗು ಬರುತ್ತಿರಲಿಲ್ಲ. ಈಗ ಬರುತ್ತದೆ. ಆ ಮಾತು ಇನ್ನೂ ಕಿವಿಯಲ್ಲಿದೆ, ಅರ್ಥವೂ ಆಗಿದೆ. ಇಲ್ಲಿ ಬರೆಯುವಂಥದ್ದಲ್ಲ.

ಕೊನೆಗೆ ಜಾಗ ಕೊಟ್ಟವಳು ಆ ಹಲುಬೆ ಹೊಡೆಯುತ್ತಿದ್ದ ಹೆಂಗಸೇ, ನಾರಾಯಣಮ್ಮ. ಗಂಡ ತೀರಿಹೋಗಿ ಬಹಳ ವರ್ಷಗಳಾಗಿವೆ. ಒಬ್ಬಳೇ ಮಗಳು ಮಾಲೂರಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾ ಅಲ್ಲೇ ಇದ್ದಾಳೆ. ಹಿಂದೆ ರೇಷ್ಮೆ ಹುಳು ಸಾಕಲು ಕಟ್ಟಿಸಿದ್ದ ಉದ್ದನೆ ಕೋಣೆ ಖಾಲಿ ಬಿದ್ದಿತ್ತು. ಬೋರ್‌ವೆಲ್ ಬತ್ತಿ ಹಿಪ್ಪುನೇರಳೆ ಒಣಗಿದ ಮೇಲೆ ಆಕೆ ಹುಳು ಬಿಟ್ಟಿದ್ದಳು. "ಹುಳು ಇದ್ದ ಮನೆ. ವಾಸನೆ ಬರುತ್ತೆ. ನಿಂಗೆ ಸರಿ ಹೋದ್ರೆ ಇರು, ಇಲ್ಲಾಂದ್ರೆ ದಾರಿ ನೋಡ್ಕೋ" ಎಂದಳು. ಜಾತಿ ಕೇಳಲಿಲ್ಲ. ಇದನ್ನು ದೊಡ್ಡ ಗುಣ ಎಂದು ನಾನು ಹೊಗಳಲು ಹೋದಾಗ, "ಕೇಳೋದಿನ್ನೇನು, ಊರೋರು ಅವತ್ತೇ ಹೇಳಿದ್ರು" ಎಂದು ಬಾಯಿ ಮುಚ್ಚಿಸಿದಳು.

ಊಟದ ಕಷ್ಟ ಹೇಳಿದರೆ ನೀವು ನಗುತ್ತೀರಿ. ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಬೇಕು. ಹಲ್ಲಿಗೆ ಕೆಲಸವೇ ಇಲ್ಲದ ಊಟ ನನಗೆ ಊಟ ಅನ್ನಿಸಲೇ ಇಲ್ಲ. ಕಟಕ್ ಎನ್ನುವ ರೊಟ್ಟಿ ನೆನೆಸಿಕೊಂಡು ಅತ್ತಿದ್ದೇನೆ. ಜೋಳದ ಹಿಟ್ಟು ತರಿಸಿ ರೊಟ್ಟಿ ಬಡಿಯತೊಡಗಿದರೆ ಅಕ್ಕಪಕ್ಕದವರು ಆ ಸದ್ದು ಕೇಳಿ ಇಣುಕಿದರು, ಅವತ್ತಿನಿಂದ ನನಗೆ ಜೋಳದಮ್ಮ ಎಂದು ಹೆಸರು ಬಿತ್ತು. ಒಂದು ದಿನ ನಾರಾಯಣಮ್ಮ ಗೋಂಗೂರ ಎಂದು ಏನೋ ಬೇಯಿಸಿದಳು, ಬಾಯಿಗಿಟ್ಟರೆ ನಮ್ಮ ಪುಂಡಿಪಲ್ಯ! ತಟ್ಟೆ ಮುಂದಿಟ್ಟುಕೊಂಡು ನಾನು ಗೊಳೋ ಎಂದು ಅತ್ತುಬಿಟ್ಟೆ. "ಏನಾಯ್ತೇ? ಖಾರ ಆಯ್ತಾ?" ಎಂದು ಆಕೆ ನೀರು ತಂದುಕೊಟ್ಟಳು.

ಇಲ್ಲಿಯ ಮಾತು ಅರ್ಧ ಕನ್ನಡ, ಅರ್ಧ ತೆಲುಗು, ನಡುವೆ ಉರ್ದು. ಮಳೆಗೆ ವಾನ, ಹೊಲಕ್ಕೆ ಚೇನು, ಗುಡ್ಡಕ್ಕೆ ಗುಟ್ಟೆ. ಮನೆಯೊಳಗೆ ತೆಲುಗು, ಹೊರಗೆ ಕನ್ನಡ, ಜಗಳಕ್ಕೆ ಎರಡೂ. ಮುಳಬಾಗಿಲಿನಿಂದ ಬರುವ ಬಸ್ಸಿನಲ್ಲಿ ಒಮ್ಮೆ ಕಂಡಕ್ಟರು ನನ್ನ ಬೀಜದ ಚೀಲವನ್ನು ಕಾಲಿನಿಂದ ಒದ್ದ. ಬಾಯಿಗೆ ಬಂದದ್ದು ತೆಲುಗು, ಅದೂ ನಾರಾಯಣಮ್ಮ ಮೇಕೆಗಳಿಗೆ ಬೈಯುವ ತೆಲುಗು. ಇಡೀ ಬಸ್ಸು ಚಪ್ಪಾಳೆ ತಟ್ಟಿತು. ಅವತ್ತು ನಾನು ಗೆದ್ದೆ ಎಂದುಕೊಂಡೆ. ನನ್ನ ತಮ್ಮನಿಗೆ ಫೋನು ಮಾಡಿ ಹೇಳಿಕೊಂಡಿದ್ದೂ ಉಂಟು.

ಈಗ ಹೊಲದ ವಿಷಯ. ನಾರಾಯಣಮ್ಮನಿಗೆ ಮೈದುನನಿಲ್ಲ, ಗಂಡನ ಅಣ್ಣ ಒಬ್ಬನೇ, ಮುನಿವೆಂಕಟಪ್ಪ. ಕೆರೆಯ ಕೆಳಗಿನ ಗದ್ದೆಯನ್ನು, ತಂದೆಯನ್ನು ಕೊನೆಗಾಲದಲ್ಲಿ ನೋಡಿಕೊಂಡವನು ತಾನು ಎಂದು ಅವನೇ ಇಟ್ಟುಕೊಂಡಿದ್ದ. ಮಳೆ ಆಶ್ರಯದ ಹೊಲ ಎರಡು ಉಳಿದವು. ಗುಟ್ಟೆಯ ಪಕ್ಕದ ಕಲ್ಲು ಹೊಲ ನಾರಾಯಣಮ್ಮನಿಗೆ, ದಿನ್ನೆಯ ಮೇಲಿನ ಹೊಲ ಅವನಿಗೆ. ಪಾಲು ಬಾಯಿ ಮಾತಿನದು. ಈ ಮನೆತನದಲ್ಲಿ ಒಂದು ಪದ್ಧತಿ ಇತ್ತು, ಕೇಳಿದಾಗ ನನಗೆ ಬಹಳ ಇಷ್ಟವಾಯಿತು. ಕೆಲವು ವರ್ಷಗಳಿಗೊಮ್ಮೆ ಯುಗಾದಿಯ ಹೊತ್ತಿಗೆ ಅಣ್ಣತಮ್ಮಂದಿರು ಹೊಲಗಳನ್ನು ಅದಲುಬದಲು ಮಾಡಿಕೊಳ್ಳಬೇಕು. ಪಾಲು ತಿರುಗಿಸುವುದು ಎನ್ನುತ್ತಾರೆ. ಕೆಟ್ಟ ನೆಲ ಒಬ್ಬನ ತಲೆಗೇ ಕಟ್ಟಬಾರದು, ಒಳ್ಳೆಯದನ್ನು ಒಬ್ಬನೇ ಉಣ್ಣಬಾರದು ಎನ್ನುವ ನ್ಯಾಯ. ಆದರೆ ಮುನಿವೆಂಕಟಪ್ಪ ದಿನ್ನೆ ಹೊಲದಲ್ಲಿ ನೀಲಗಿರಿ ನೆಟ್ಟುಬಿಟ್ಟಿದ್ದ. ಆಮೇಲೆ ಪಾಲು ತಿರುಗಲೇ ಇಲ್ಲ. ನಾರಾಯಣಮ್ಮ ಎರಡು ಸಲ ಕೇಳಿದ್ದಳಂತೆ. "ಮರ ನಿಂತಿರೋ ಹೊಲ ಹೆಂಗಮ್ಮಾ ತಿರುಗ್ಸೋದು? ಮರ ತಲೆ ಮೇಲೆ ಹೊತ್ಕೊಂಡು ಓಡಾಡ್ಲಾ?" ಎಂದು ಎಲ್ಲರ ಎದುರಿಗೆ ನಗಿಸಿದ್ದನಂತೆ.

ಹಾಗಾಗಿ ಕಲ್ಲು ಹೊಲ ಆಕೆಯದಾಗಿಯೇ ಉಳಿದಿತ್ತು, ನಾನು ಹೋಗಿ ಅದನ್ನೇ ಆರಿಸಿಕೊಂಡೆ. ಇಳಿಜಾರು, ಕಲ್ಲು, ತೆಳು ಮಣ್ಣು, ನನ್ನ ವಿದ್ಯೆಗೆ ಹೇಳಿ ಮಾಡಿಸಿದ ಜಾಗ. ಆಕೆ ಮೊದಲು ಒಪ್ಪಲಿಲ್ಲ. "ಇದು ನಂಗೆ ತಿನ್ನೋಷ್ಟು ಕೊಡ್ತಾ ಐತೆ. ಅದನ್ನ ಯಾಕೆ ಕೆಣಕ್ತೀಯ?" ಎಂದಳು. ಮಗಳು ಕಾರ್ಖಾನೆ ಬಿಟ್ಟು ಬಂದರೆ ಇಬ್ಬರೂ ಇದರಲ್ಲೇ ಬದುಕಬಹುದು ಎಂದು ನಾನು ಹೇಳಿದ ಮೇಲೆ ಒಪ್ಪಿದಳು. ಮಗಳ ಮಾತು ತೆಗೆದರೆ ಆಕೆ ಮೆತ್ತಗಾಗುತ್ತಾಳೆ ಎಂದು ನನಗೆ ಗೊತ್ತಿತ್ತು.

ಮೂರು ಮಳೆಗಾಲ ದುಡಿದೆವು. ಹೊಲದ ಕಲ್ಲು ಆರಿಸಿ ಅದರಲ್ಲೇ ಬದು ಕಟ್ಟಿದೆವು. ಕೆರೆಯ ಗೋಡನ್ನು, ಅಂದರೆ ಹೂಳು ಮಣ್ಣನ್ನು, ಟ್ರ್ಯಾಕ್ಟರಿನಲ್ಲಿ ತಂದು ಹರಡಿದೆವು. ಸಂಸ್ಥೆಯಿಂದ ಹೊಂಡ ತೋಡಿಸಿ ಟಾರ್ಪಾಲು ಹಾಸಿದೆವು. ಬದುವಿನ ಮೇಲೆ ನುಗ್ಗೆ ಇಟ್ಟೆವು. ರಾಗಿಯ ನಡುನಡುವೆ ತೊಗರಿ, ಅವರೆಯ ಸಾಲು ಹಾಕುವುದು ಇಲ್ಲಿಯ ಹಳೆಯ ರೂಢಿ, ಅಕ್ಕಡಿ ಸಾಲು ಎನ್ನುತ್ತಾರೆ. ಆಕೆ ಅದನ್ನು ನನಗೆ ಕಲಿಸಿದಳು, ಬೀಜವನ್ನು ಸಾಲಾಗಿ ಕೂರಿಗೆಯಲ್ಲಿ ಬಿತ್ತುವುದನ್ನು ನಾನು ಆಕೆಗೆ ಕಲಿಸಿದೆ. ಬೈದಾಡಿಕೊಂಡೇ ಕಲಿತೆವು. ನನ್ನ ಅಂಗೈ ಬಿರಿದು ರಕ್ತ ಬಂದಾಗ ಆಕೆ ಹರಳೆಣ್ಣೆ ಸವರುತ್ತಾ, "ಓದಿದ್ ಕೈ, ಹಂಗೇ ಆಗ್ಲಿ" ಎಂದಳು.

ಮೂರನೆಯ ವರ್ಷ ಮಳೆ ಚೆನ್ನಾಗಿ ಹಿಡಿದು, ರಾಗಿ ತೆನೆ ಕಟ್ಟುವ ಹೊತ್ತಿಗೆ ಕೈ ಕೊಟ್ಟಿತು. ಸುತ್ತಲಿನ ಹೊಲಗಳು ಮಧ್ಯಾಹ್ನದ ಹೊತ್ತಿಗೆ ಎಲೆ ಸುತ್ತಿಕೊಳ್ಳತೊಡಗಿದವು, ಆಮೇಲೆ ಬೆಳಿಗ್ಗೆಯೂ ಬಿಚ್ಚಲಿಲ್ಲ. ನಾವು ಹೊಂಡದಿಂದ ಒಂದೇ ಒಂದು ನೀರು ಕೊಟ್ಟೆವು. ಅಷ್ಟೇ. ಊರ ಸುತ್ತ ಒಣ ಹುಲ್ಲಿನ ಬಣ್ಣ, ಗುಟ್ಟೆಯ ಪಕ್ಕ ಮಾತ್ರ ಹಸಿರು. ರಸ್ತೆಯಲ್ಲಿ ಹೋಗುವವರೆಲ್ಲ ಗಾಡಿ ನಿಲ್ಲಿಸಿ ನೋಡುತ್ತಿದ್ದರು. ನನಗೆ ಹೆಮ್ಮೆಯೋ ಹೆಮ್ಮೆ. ನಾರಾಯಣಮ್ಮನಿಗೆ ಮಾತ್ರ ಭಯ. "ಎಲ್ಲರ ಹೊಟ್ಟೆ ಉರೀತಿರೋವಾಗ ನನ್ನೊಬ್ಬಳ ಹೊಲ ನಗ್ತಾ ನಿಂತಿದ್ರೆ ಚೆಂದವೇನೇ?" ಎಂದು ದಿನಾ ಗೊಣಗುತ್ತಿದ್ದಳು.

ಸಂಸ್ಥೆಯವರು ಕ್ಷೇತ್ರೋತ್ಸವ ಮಾಡೋಣ ಎಂದರು. ಹೊಲಕ್ಕೇ ರೈತರನ್ನು ಕರೆದು ತೋರಿಸುವುದು, ನಮ್ಮ ಕೆಲಸದ ಜೀವವೇ ಅದು. "ಕರೀಬೇಡ" ಎಂದಳು ನಾರಾಯಣಮ್ಮ. "ಬೇಕಾದ್ರೆ ಒಬ್ಬೊಬ್ಬರನ್ನೇ ಕರ್ಕೊಂಬಾ. ಜಾತ್ರೆ ಮಾಡಬೇಡ." ನಾನು ಆಕೆಯ ಮಾತು ಕೇಳಲಿಲ್ಲ, ಉತ್ಸವ ನಿಲ್ಲಿಸುವ ಅಧಿಕಾರವೂ ನನಗಿರಲಿಲ್ಲ. ಹೋಳೂರಿನಿಂದ, ಗೌನಿಪಲ್ಲಿಯಿಂದ ಟೆಂಪೋಗಳಲ್ಲಿ ಜನ ಬಂದರು. ಶಾಮಿಯಾನ, ಮೈಕು, ಪಲಾವು. ಗೌನಿಪಲ್ಲಿಯ ಮಾವಿನ ತೋಟದ ಯಜಮಾನರೊಬ್ಬರು ಮಣ್ಣು ಹಿಡಿದು ಮೂಸಿ, "ಇದು ಇವತ್ತಿನ ರೇಟಿಗೆ ಚಿನ್ನ" ಎಂದು ಜೋರಾಗಿಯೇ ಹೇಳಿದರು. ಮೈಕು ಹಿಡಿದವನು ಮುನಿವೆಂಕಟಪ್ಪ. ಬಿಳಿ ಪಂಚೆ, ಹೆಗಲಿಗೆ ಟವೆಲು. "ನಮ್ಮ ಹೊಲ, ನಮ್ಮಪ್ಪನ ಹೊಲ, ನಾವು ಮೊದಲಿಂದ್ಲೂ ಹಿಂಗೇ ಕಾಪಾಡ್ಕೊಂಡು ಬಂದಿದ್ದೀವಿ" ಎಂದು ಶುರು ಮಾಡಿದ. ನಾರಾಯಣಮ್ಮ ಒಲೆಯ ಹತ್ತಿರ ಪಲಾವಿಗೆ ಈರುಳ್ಳಿ ಹೆಚ್ಚುತ್ತಿದ್ದಳು. ಆಕೆಯನ್ನು ವೇದಿಕೆಗೆ ಕರೆಯಬೇಕು ಎಂದು ನಾನು ಎದ್ದರೆ, "ಆಯ್ತು ಬಿಡಮ್ಮಾ, ಮನೆ ಹಿರೀಕರು ಮಾತಾಡ್ತಾವ್ರೆ" ಎಂದು ಪಕ್ಕದವರು ಕೂರಿಸಿದರು.

ಸುಗ್ಗಿ ಮುಗಿಯಿತು. ಸಂಕ್ರಾಂತಿ ಕಳೆಯುತ್ತಿದ್ದಂತೆ ಮುನಿವೆಂಕಟಪ್ಪ ದಿನ್ನೆಯ ನೀಲಗಿರಿ ಕಡಿಸಿದ. ಮರ ಲಾರಿಗೆ ಹೋಯಿತು, ಬೊಡ್ಡೆಗಳು ಹೊಲದಲ್ಲೇ ಉಳಿದವು. ನನಗೆ ಏನೂ ಅನ್ನಿಸಲಿಲ್ಲ. ನಾರಾಯಣಮ್ಮ ಮಾತ್ರ ಆ ದಿನ ಮುದ್ದೆ ಮುರಿಯಲಿಲ್ಲ. ಗರಗಸದ ಸದ್ದು ಕೇಳುತ್ತಾ ಕೂತಿದ್ದಳು.

ಯುಗಾದಿಗೆ ಮುಂಚೆ ಒಂದು ಬೆಳಿಗ್ಗೆ ಹಾಲಿನ ಡೈರಿಯ ಹತ್ತಿರ ಎಲ್ಲರೂ ಕ್ಯಾನು ಹಿಡಿದು ನಿಂತಿದ್ದಾಗ ಅವನು ಮಾತು ತೆಗೆದ. ಇಲ್ಲಿ ಊರಿನ ನ್ಯಾಯವೆಲ್ಲ ಆಗುವುದು ಅಲ್ಲೇ, ಹಾಲು ಅಳೆಯುವ ಹೊತ್ತಿಗೆ.

"ನಾರಾಯಣಮ್ಮ, ಮರ ಕಡಿಸಿದೀನಿ. ನೀನು ಎಷ್ಟೋ ವರ್ಷದಿಂದ ಕೇಳ್ತಾ ಇದ್ಯಲ್ಲಮ್ಮಾ, ಪಾಲು ತಿರುಗ್ಸಿ ಅಂತ. ಈ ಯುಗಾದಿಗೆ ತಿರುಗ್ಸಿಬಿಡಾಣ. ನಿನ್ನ ಮನಸ್ಸಿಗೂ ಸಮಾಧಾನ ಆಗ್ಲಿ."

ನಾರಾಯಣಮ್ಮ ಹಾಲಿನ ಕ್ಯಾನು ಕೆಳಗಿಟ್ಟಳು. "ಬಾವ, ಅವಾಗ ಕೇಳಿದ್ದೆ. ಈಗ ಬೇಡ. ಮೂರು ವರ್ಷ ಮೈ ಮುರಿದಿದೀನಿ ಅದ್ರಲ್ಲಿ."

"ನಾನೇನ್ ಹೊಸ ಕಾನೂನು ತಂದಿದೀನಾ? ನಮ್ಮಪ್ಪನ ಕಾಲದ್ ಪದ್ಧತಿ ಕಣಮ್ಮ. ನಿಂಗೆ ಬೇಕಾದಾಗ ಪದ್ಧತಿ, ಬೇಡವಾದಾಗ ಇಲ್ವಾ?"

ಡೈರಿಯ ಕಾರ್ಯದರ್ಶಿ ತಲೆಯಾಡಿಸಿದ. ಊರಿನ ಹಿರಿಯರು ತಲೆಯಾಡಿಸಿದರು. ನನಗೆ ತಡೆಯಲಾಗಲಿಲ್ಲ. "ಬದು ಯಾರು ಕಟ್ಟಿದ್ರೀ? ಹೊಂಡ ಯಾರದು? ಆವಾಗ ಯಾಕೆ ತಿರುಗಿಸಲಿಲ್ಲ?" ಎಂದು ಏರು ದನಿಯಲ್ಲೇ ಕೇಳಿದೆ. ಮುನಿವೆಂಕಟಪ್ಪನಿಗೆ ಕೋಪವೇನೂ ಬರಲಿಲ್ಲ. "ಮೇಡಂ ಹೇಳೋದೂ ಸರಿನೇ. ಬದು, ಹೊಂಡ ಎಲ್ಲಾ ನಿಂದೇ ನಾರಾಯಣಮ್ಮ. ಎತ್ಕೊಂಡೋಗು, ಯಾರ್ ಬೇಡ ಅಂತಾರೆ? ಟಾರ್ಪಾಲು ಬೇಕಾದ್ರೆ ಸುತ್ಕೋ" ಎಂದ. ಎಲ್ಲರೂ ನಕ್ಕರು. ಒಬ್ಬ ಹೆಂಗಸನ್ನು ಬಿಟ್ಟರೆ ಚಿಕ್ಕವರು ದೊಡ್ಡವರು ಎನ್ನದೆ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಬಿಜಾಪುರದೋರು. ನಾಳೆ ಬಸ್ ಹತ್ತಿ ಹೋಗ್ತೀರ. ಇದು ನಮ್ಮನೆ ವಿಷ್ಯ" ಎಂದ. ನಾರಾಯಣಮ್ಮನ ಹಾಲು ಆ ದಿನ ನೀರು ಬೆರೆಸಿದ್ದು ಎಂದು ವಾಪಸು ಬಂತು.

ಕೋರ್ಟಿಗೆ ಹೋಗೋಣ ಎಂದೆ. ಜಮೀನು ಇನ್ನೂ ಸತ್ತುಹೋದ ಮಾವನ ಹೆಸರಿನಲ್ಲೇ ಇದೆ. "ಹೋದ್ರೆ ನನ್ ಮಗಳು ಮುದುಕಿ ಆದ್ರೂ ಮುಗಿಯಲ್ಲ. ಅಲ್ಲೀವರ್ಗೂ ಉಳೋಕೂ ಬಿಡಲ್ಲ" ಎಂದಳು. ಸಂಸ್ಥೆಯ ಸಾಹೇಬರ ಹತ್ತಿರ ಹೋದೆ. ಅವರು ಪೂರಾ ಕೇಳಿಸಿಕೊಂಡರು. "ತುಂಬಾ ಬೇಜಾರಿನ ವಿಷ್ಯ ಮಹಾದೇವಿ. ಆದ್ರೆ ನಮಗೆ ಮಾಡಿ ತೋರಿಸೋ ಹೊಲ ಮುಖ್ಯ, ರೈತ ಯಾರಾದ್ರೇನು. ಹೊಸ ರೈತರ ಜೊತೆ ಹೊಂದಾಣಿಕೆ ಮಾಡ್ಕೊಳಿ" ಎಂದರು. ಹೊಸ ರೈತರು! ನನಗೆ ಉಗಿಯಬೇಕು ಅನ್ನಿಸಿತು, ಉಗಿಯಲಿಲ್ಲ. ಸಂಬಳ ಬೇಕಲ್ಲ.

ಯುಗಾದಿಗೆ ಪಾಲು ತಿರುಗಿ ಕಲ್ಲು ಹೊಲ ಮುನಿವೆಂಕಟಪ್ಪನದಾಯಿತು. ಮುಂದಿನ ಮಳೆಗಾಲ ಶ್ರೀನಿವಾಸಪುರದ ಕಡೆಯ ರೈತರ ಗುಂಪೊಂದನ್ನು ನಾನೇ ಆ ಹೊಲಕ್ಕೆ ಕರೆದುಕೊಂಡು ಹೋಗಬೇಕಾಯಿತು. ಮುನಿವೆಂಕಟಪ್ಪ ಬದುವಿನ ಮೇಲೆ ನಿಂತು, ಇಳಿಜಾರು, ಅಡ್ಡ ಉಳುಮೆ, ಹೊಂಡ ಎಂದು ನನ್ನ ಮಾತನ್ನೇ ನನ್ನ ಕೈಸನ್ನೆಯ ಜೊತೆಗೆ ಹೇಳಿದ. ರಾಗಿಯೊಳಗೆ ಕಳೆ ತೆಗೆಯುತ್ತಿದ್ದ ಕೂಲಿ ಹೆಂಗಸರಲ್ಲಿ ನಾರಾಯಣಮ್ಮನೂ ಇದ್ದಳು. ಬಾವ ಕರೆದಿದ್ದ, ಹೋಗದಿದ್ದರೆ ಊಟಕ್ಕೆ ದಾರಿ ಇರಲಿಲ್ಲ. ಬಂದವರಲ್ಲಿ ಒಬ್ಬ ಆಕೆಯ ಫೋಟೋ ತೆಗೆಯಲು ಹೋಗಿ, "ಅಜ್ಜೀ, ಸ್ವಲ್ಪ ಪಕ್ಕಕ್ಕೆ ಬಾ, ಬೆಳೆ ಕಾಣ್ಲಿ" ಎಂದ. ಆಕೆ ಪಕ್ಕಕ್ಕೆ ಸರಿದಳು. ನನ್ನ ಮುಖ ನೋಡಲಿಲ್ಲ. ಸಂಜೆ ಮನೆಗೆ ಬಂದು, "ನೀನು ಬರದೇ ಇದ್ದಿದ್ರೆ ಆ ಕಲ್ಲು ನಂದೇ ಆಗಿರ್ತಿತ್ತು" ಎಂದಳು. ಜೋರು ಮಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಾಕಾಯಿತು ನನಗೆ. ಬಿಜಾಪುರದಲ್ಲಿ ಒಂದು ಜಾಗ ಖಾಲಿ ಇದೆ ಎಂದು ತಿಳಿದು, ರಜೆ ಹಾಕಿ ಊರಿಗೆ ಹೊರಟೆ. ಇನ್ನು ಹಿಂದಿರುಗುವುದಿಲ್ಲ ಎಂದುಕೊಂಡೇ ಬಸ್ಸು ಹತ್ತಿದ್ದೆ. ಮನೆಯಲ್ಲಿ ಹಬ್ಬದಂತೆ ನೋಡಿಕೊಂಡರು. ಅವ್ವ ಬಿಸಿ ರೊಟ್ಟಿ ಬಡಿದು, ಶೇಂಗಾ ಹಿಂಡಿ ಬಡಿಸಿ, "ಸಾಕವ್ವಾ ಆ ರಾಗಿ ಮಂದಿ ಸಹವಾಸ" ಎಂದಳು. ತಮ್ಮ ನನ್ನ ಚೀಲ ಹೊತ್ತ. ಅವನ ಹೆಂಡತಿ ಕಾಲು ಮುಟ್ಟಿ ನಮಸ್ಕಾರ ಮಾಡಿ ಇಳಕಲ್ ಸೀರೆ ಉಡಿ ತುಂಬಿದಳು. ಸೀರೆ ಉಟ್ಟು ಕೂತ ಮೇಲೆ ತಮ್ಮ ಹೇಳಿದ: "ಅಕ್ಕಾ, ಹೊಲದ ಮ್ಯಾಲೆ ನಿಂದು ಒಂದ ಸಹಿ ಬೇಕಾಗೇತಿ. ಬ್ಯಾರೇ ಏನಿಲ್ಲ, ಹಕ್ಕು ಬಿಟ್ಟೇನಿ ಅಂತ." ಆ ಹೊಲಕ್ಕೆ ಒಡ್ಡು ಹಾಕಿಸಿದವಳು ನಾನು. ಮೊದಲ ಕೆಲಸ ಸಿಕ್ಕಾಗ ಹಾಕಿಸಿದ್ದೆ. ಅವ್ವನ ಕಡೆ ನೋಡಿದೆ. ಆಕೆ ರೊಟ್ಟಿ ಬುಟ್ಟಿಯ ಮೇಲೆ ಬಟ್ಟೆ ಹೊದಿಸುತ್ತಿದ್ದಳು.

ಸಹಿ ಹಾಕಿದೆ. ಹೊಸ ಸೀರೆ ಉಟ್ಟುಕೊಂಡು ಜಗಳ ಮಾಡಲು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬರುವುದಿಲ್ಲ, ಅದು ಅವರಿಗೂ ಗೊತ್ತು. ಓದುತ್ತಿರುವ ನಿಮಗೂ ಗೊತ್ತು. ತಾಯಲೂರಿನಲ್ಲಿ ಡೈರಿಯ ಮುಂದೆ ನಗಾಡಿ ಕಿತ್ತುಕೊಳ್ಳುತ್ತಾರೆ, ನಮ್ಮಲ್ಲಿ ಉಡಿ ತುಂಬಿ ಕಿತ್ತುಕೊಳ್ಳುತ್ತಾರೆ. ಯಾವುದು ಹೆಚ್ಚು ನೋವು ಎಂದು ನನ್ನನ್ನು ಕೇಳಿದರೆ, ಉಡಿಯದೇ ಎನ್ನುತ್ತೇನೆ. ಆ ಕೆಲಸಕ್ಕೆ ಅರ್ಜಿ ಹಾಕಲಿಲ್ಲ, ಸೀರೆಯನ್ನು ಅಲ್ಲೇ ಗಳದ ಮೇಲೆ ಬಿಟ್ಟು ತಾಯಲೂರಿನ ಬಸ್ಸು ಹತ್ತಿದೆ.

ನಾರಾಯಣಮ್ಮ ಬಾಗಿಲಲ್ಲಿ ನನ್ನನ್ನು ಕಂಡು, "ಏನೇ, ಅವ್ರೂ ಓಡಿಸಿದ್ರಾ?" ಎಂದಳು. ಹೌದು ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಆಕೆ ಸಮಾಧಾನದ ಮಾತೊಂದನ್ನೂ ಆಡಲಿಲ್ಲ. ಮರುದಿನ ಬೆಳಿಗ್ಗೆ ದಿನ್ನೆ ಹೊಲಕ್ಕೆ ಕರೆದುಕೊಂಡು ಹೋದಳು. ಬೊಡ್ಡೆಗಳು, ಗಟ್ಟಿ ನೆಲ, ಹುಲ್ಲೂ ಹುಟ್ಟದ ಬಿಳಿಚಿದ ಮಣ್ಣು. ನೀಲಗಿರಿ ಕುಡಿಯದೆ ಉಳಿಸಿದ್ದು ಏನೂ ಇರಲಿಲ್ಲ. ದಾರಿಯ ಬದಿಗೆ ಬೊಡ್ಡೆಗಳು ಚಿಗುರತೊಡಗಿದ್ದವು, ಲಾಂಟಾನ ಪೊದೆ ಎದೆಮಟ್ಟ ಬೆಳೆದಿತ್ತು. ಇದನ್ನೆಲ್ಲ ಮೊದಲು ಕೀಳಿಸಬೇಕು ಎಂದು ನಾನು ಟೊಂಕ ಕಟ್ಟಿದರೆ ಆಕೆ ತಡೆದಳು.

"ಇದನ್ನ ಮುಟ್ಟಬೇಡ. ದಾರಿ ಕಡೆ ಇರೋ ಬೊಡ್ಡೆ ಚಿಗುರ್ಲಿ, ಪೊದೆ ಬೆಳೀಲಿ. ಹೋಗೋರು ನೋಡಿದ್ರೆ ಬೀಳು ಅನ್ನಿಸ್ಬೇಕು. ಒಳಗೆ ಬೆಳೀಬೇಕು. ನಿನ್ ವಿದ್ಯೇಲಿ ಅಂಥದ್ದು ಐತಾ?"

"ಹಂಗಂದ್ರೆ?"

"ಚೆನ್ನಾಗ್ ಮಾಡಿದ್ರೆ ಇನ್ನೊಂದ್ ಯುಗಾದಿ ಬರುತ್ತೆ. ಕೆಟ್ಟಿರೋದನ್ನ ಯಾರೂ ಕಿತ್ಕೊಳಲ್ಲ ಕಣೇ."

ನನ್ನ ವಿದ್ಯೆಯಲ್ಲಿ ಅಂಥದ್ದು ಇರಲಿಲ್ಲ. ಮಾಡಿ ತೋರಿಸುವುದನ್ನು ಕಲಿತಿದ್ದೆ, ಮಾಡಿ ಮುಚ್ಚಿಡುವುದನ್ನು ಯಾರೂ ಕಲಿಸಿರಲಿಲ್ಲ. ಇಬ್ಬರೂ ಕೂತು ಯೋಚಿಸಿದೆವು. ಹೊಂಡ ಬೇಡ, ಕಣ್ಣಿಗೆ ಬೀಳುತ್ತದೆ. ಬೊಡ್ಡೆಗಳ ನಡುವೆ ಗುಣಿ ತೋಡಿ ತರಗು, ಸಗಣಿ ತುಂಬಿದರೆ ಮಳೆ ಅಲ್ಲೇ ಇಂಗುತ್ತದೆ. ಬದು ಮೊಣಕಾಲಿಗಿಂತ ಕೆಳಗೆ ಇರಬೇಕು. ಹುಚ್ಚೆಳ್ಳು ಬೇಡ, ಅದರ ಹಳದಿ ಹೂ ಮೈಲಿ ದೂರದಿಂದ ಊರನ್ನು ಕರೆಯುತ್ತದೆ. ತೊಗರಿ ಎತ್ತರ, ಬೇಡ. ಹುರುಳಿ ನೆಲಕ್ಕೆ ಹಬ್ಬುತ್ತದೆ, ದೂರಕ್ಕೆ ಕಳೆಯಂತೆ ಕಾಣುತ್ತದೆ. ನಡುವೆ ಒಂದಿಷ್ಟು ಅವರೆ. ಸಂಸ್ಥೆಗೆ ಈ ಹೊಲದ ವಿಷಯ ಹೇಳಲಿಲ್ಲ, ಒಂದು ಫೋಟೋ ಕೂಡ ತೆಗೆಯಲಿಲ್ಲ. ಇಷ್ಟು ವರ್ಷಗಳ ನೌಕರಿಯಲ್ಲಿ ನನ್ನ ತಲೆ ಇಷ್ಟು ಚುರುಕಾಗಿ ಎಂದೂ ಓಡಿರಲಿಲ್ಲ.

ಹುರುಳಿ ಬಂತು. ಬೊಡ್ಡೆಗಳ ನಡುವೆ, ಪೊದೆಯ ಮರೆಯಲ್ಲಿ, ಕಾಲಿಟ್ಟರೆ ತೊಡರುವಷ್ಟು ಬಂತು. ಒಂದು ಸಂಜೆ ಮುನಿವೆಂಕಟಪ್ಪ ಮೊಪೆಡ್ ನಿಲ್ಲಿಸಿ ದಾರಿಯಿಂದಲೇ ಕೂಗಿದ. "ಏನ್ ನಾರಾಯಣಮ್ಮ, ಏನೂ ಹುಟ್ಲಿಲ್ವಾ?" ಆಕೆ ಪೊದೆಯಾಚೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡಳು. "ಏನ್ ಹುಟ್ಟುತ್ತೆ ಬಾವ, ನೀಲಗಿರಿ ಕುಡಿದಿರೋ ನೆಲ. ನನ್ ಹಣೇಬರ." ಅವನು ಅಯ್ಯೋ ಪಾಪ ಎಂದು ಲೊಚಗುಟ್ಟಿ ಹೋದ. ನಾವಿಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು. ಆ ಊರಿಗೆ ಬಂದ ಮೇಲೆ ನಾನು ಅಷ್ಟು ನಕ್ಕಿದ್ದು ಅದೇ ಮೊದಲು.

ದಿನ್ನೆಯ ಪಕ್ಕದ ಹೊಲ ಚೌಡಮ್ಮನದು. ಅಲ್ಲೂ ನೀಲಗಿರಿ ಕಡಿದ ಬೊಡ್ಡೆಗಳು, ಅಂಥದೇ ಸತ್ತ ಮಣ್ಣು. ಯಾರ ತಂಟೆಗೂ ಹೋಗದ ಹೆಂಗಸು, ಡೈರಿಯ ಮುಂದೆ ನಗದೆ ನಿಂತಿದ್ದವಳು ಆಕೆಯೊಬ್ಬಳೇ. ಒಂದು ದಿನ ನಾವು ಹೊಲದಿಂದ ಬರುವಾಗ ದಾರಿಯಲ್ಲಿ ಕಾದು ನಿಂತಿದ್ದಳು. "ಮೇಡಮ್ಮಾ, ಮಾಲೂರಿನ ಇಟ್ಟಿಗೆಗೂಡಿನೋರು ಮಣ್ಣು ಕೇಳ್ತಾವ್ರೆ. ಮೇಲಿನ ಮಣ್ಣೆಲ್ಲ ತಗೊಂಡೋಗ್ತಾರಂತೆ. ನಂಗೆ ಕೊಡೋಕೆ ಮನಸಿಲ್ಲ. ಈ ನೆಲದಲ್ಲಿ ಏನಾದ್ರೂ ಬೆಳೆಯೋ ದಾರಿ ಐತಾ? ನಿಮಗೆ ಗೊತ್ತಿರುತ್ತೆ. ಐತೆ ಅಂದ್ರೆ ಕೊಡಲ್ಲ."

ನಾನು ಬಾಯಿ ತೆರೆದೆ. ಗುಣಿ, ತರಗು, ಹುರುಳಿ, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಹೇಳುವುದಕ್ಕೆಂದೇ ನಾನು ಈ ಸೀಮೆಗೆ ಬಂದದ್ದು. ಆದರೆ ಚೌಡಮ್ಮನ ಹೊಲ ಹಸಿರಾದರೆ ನಮ್ಮದನ್ನೂ ಜನ ಒಳಹೊಕ್ಕು ನೋಡುತ್ತಾರೆ. ನಾರಾಯಣಮ್ಮ ತಲೆಯ ಮೇಲಿನ ಹುಲ್ಲಿನ ಹೊರೆ ಸರಿಮಾಡಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದಳು.

"ಇಲ್ಲಕ್ಕಾ," ಎಂದೆ. "ನೀಲಗಿರಿ ಕುಡಿದಿರೋ ನೆಲ. ಇನ್ನೇನ್ ಹುಟ್ಟುತ್ತೆ."

ಚೌಡಮ್ಮ ತಲೆಯಾಡಿಸಿದಳು. ನಿಮ್ಮಂಥ ಓದಿದೋರೇ ಹೇಳಿದ ಮೇಲೆ ಮುಗೀತು ಎಂದು ಹೇಳಿ, ನನಗೆ ಕೈಮುಗಿದು ಹೋದಳು. ಮನೆಯ ಹತ್ತಿರ ಬಂದ ಮೇಲೆ ನಾರಾಯಣಮ್ಮ ಹೊರೆ ಇಳಿಸಿ, ನನ್ನ ಭುಜದ ಮೇಲೆ ಕೈಯಿಟ್ಟಳು. ಅಷ್ಟು ವರ್ಷಗಳಲ್ಲಿ ಆಕೆ ನನ್ನನ್ನು ಹಾಗೆ ಮುಟ್ಟಿದ್ದೇ ಇಲ್ಲ. "ಈಗ ನಮ್ಮೂರೋಳಾದೆ ಕಣೇ" ಎಂದಳು.

ಚೌಡಮ್ಮನ ಹೊಲಕ್ಕೆ ಜೆಸಿಬಿ ಬಂತು. ಲಾರಿಗಳು ಒಂದರ ಹಿಂದೆ ಒಂದು ಕೆಂಪು ಮಣ್ಣು ತುಂಬಿಕೊಂಡು ಮಾಲೂರಿನ ಕಡೆ ಹೊರಟವು. ಆ ನೆಲದಲ್ಲಿ ಇನ್ನು ಯಾರ ವಿದ್ಯೆಯೂ ನಡೆಯುವುದಿಲ್ಲ. ನಾನು ಪೊದೆಯ ಈಚೆ ಹುರುಳಿ ಕೀಳುತ್ತಿದ್ದೆ. ಆಗಲೇ ಅವ್ವನ ಫೋನು ಬಂತು.

"ಅದೇನ ಸಪ್ಪಳ ಬೇ, ಏನೂ ಕೇಳವಲ್ದು."

"ಲಾರಿ ಬೇ. ಮಣ್ಣು ಒಯ್ಯಾಕತ್ತಾರ."

"ಹೋಗ್ಲಿ ಬಿಡು. ಅಲ್ಲಿ ಮಂದಿ ಈಗರೆ ನಿನ್ನ ತಮ್ಮೂರಾಕಿ ಅಂತಾರೇನ?"

"ಅಂತಾರವ್ವಾ."

"ಹಂಗಾರ ನೀ ಇನ್ನ ಬರೂದಿಲ್ಲ" ಎಂದಳು. ಬರ್ತೀನಿ ಎಂದು ಹೇಳಲು ಹೋದೆ. ಯಾರ ಹೊಲಕ್ಕೆ, ಯಾರ ಮನೆಗೆ ಎಂದು ತೋಚಲಿಲ್ಲ. ಲಾರಿಯ ಸದ್ದಿನಲ್ಲಿ ಕೇಳಿಸುತ್ತಿಲ್ಲ ಎಂದು ಹೇಳಿ ಫೋನು ಇಟ್ಟೆ.